ಮೆಟ್ಟಿಲ ಕತ್ತಲೆಗೆ ಒಂದು ಪಾರಿಜಾತ

ಬಸವನಗುಡಿಯ ನಮ್ಮ ಮನೆಯ ಮೆಟ್ಟಿಲಿಗೆ ಕಿಟಕಿಯಿಲ್ಲ, ಹಗಲಲ್ಲೂ ಕತ್ತಲೆ. ಅಲ್ಲಿಗೆ ಪಾರಿಜಾತದ ಕೊಂಬೆ ಕೊರೆದ ಗಾಜಿನ ದೀಪ ಮಾಡುತ್ತೇನೆಂದಾಗ ಅತ್ತೆ, "ಟ್ಯೂಬ್‌ಲೈಟ್ ಸಾಲದೇನಮ್ಮಾ?" ಎಂದರು.

10 ಮಿ.ಮೀ. ದಪ್ಪದ ಸಾದಾ ಗಾಜು ತಂದೆ. ಟಫನ್ ಮಾಡಿದ, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಮಾಡಿದ ಗಾಜನ್ನು ಆಳವಾಗಿ ಕೊರೆದರೆ ಪುಡಿಪುಡಿಯಾಗುತ್ತದೆ. ಬೇಕಿದ್ದರೆ ಕೊರೆದ ಮೇಲೆ ಟಫನ್ ಮಾಡಿಸಬೇಕು. ವಿನೈಲ್ ಸ್ಟಿಕ್ಕರಿನಲ್ಲಿ ಚಿತ್ರ ಕತ್ತರಿಸಿ ಅಂಟಿಸಿ, ಗಾಳಿಯ ರಭಸಕ್ಕೆ ಮರಳು ಚಿಮ್ಮಿಸಿ ಗಾಜು ಕೊರೆಯುವ (ಸ್ಯಾಂಡ್‌ಬ್ಲಾಸ್ಟಿಂಗ್) ಪೀಣ್ಯದ ಒಂದು ಶೆಡ್ಡಿಗೆ ಒಯ್ದೆ. ಮುಚ್ಚಿದ ಪೆಟ್ಟಿಗೆಯೊಳಗೆ ಕೈಗವಸಿನ ಕೈ ತೂರಿಸಿ ಕೊರೆಯಲು ಬಿಟ್ಟರು. ಹೆಸರಿಗೆ ಮರಳು, ಒಳಗಿರುವುದು ಅಲ್ಯೂಮಿನಿಯಂ ಆಕ್ಸೈಡ್ ಪುಡಿ. ನಿಜವಾದ ಮರಳಿನ ದೂಳು ಶ್ವಾಸಕೋಶಕ್ಕೆ ಹೊಕ್ಕರೆ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ. ಆ ಮಾತಿನಲ್ಲಿ ರಾಜಿ ಬೇಡ. ನನ್ನ ಮೊದಲ ಸ್ಟಿಕ್ಕರ್ ತೆಳುವಾಗಿತ್ತು, ಅರ್ಧ ನಿಮಿಷಕ್ಕೇ ಹರಿದುಹೋಯಿತು. ದಪ್ಪನೆಯದು ತಂದೆ. ಮುಂದೆ ಕಾಣಬೇಕಾದ ಎಸಳಿನ ಮೇಲಿನ ಸ್ಟಿಕ್ಕರನ್ನು ಮೊದಲು ಬಿಡಿಸಿ ತೆಗೆದು ಕೊರೆದು, ಹಿಂದಿನವನ್ನು ಒಂದೊಂದಾಗಿ ಬಿಡಿಸುತ್ತ ಹೋದೆ. ಮೊದಲು ಬಿಡಿಸಿದ್ದು ಹೆಚ್ಚು ಆಳವಾಗುತ್ತದೆ. ನುಣುಪು ಮುಖದಿಂದ ನೋಡಿದರೆ ಅದೇ ಉಬ್ಬಿ ಬಂದಂತೆ ತೋರುತ್ತದೆ.

ನಾನು ಎಡವಿದ್ದು ಬೆಳಕಿನಲ್ಲಿ. ಎಲ್‌ಇಡಿ ಪಟ್ಟಿಯನ್ನು ಗಾಜಿನ ಹಿಂದೆ ಅಂಟಿಸಿದೆ. ಬರಿ ಗಾಜಿರುವಲ್ಲೆಲ್ಲ ತಂತಿ, ದೀಪದ ಚುಕ್ಕೆಗಳು. ಹೂವು ಮಾತ್ರ ಸಪ್ಪೆ. ಶೆಡ್ಡಿನ ಯಜಮಾನರು ನಕ್ಕು, ಪಟ್ಟಿಯನ್ನು ಕೆಳಗಿನ ಅಂಚಿಗೆ ಇಡಿಸಿದರು. ಅಂಚಿನಿಂದ ಹೊಕ್ಕ ಬೆಳಕು ಎರಡು ಮುಖಗಳ ನಡುವೆ ಪುಟಿಯುತ್ತ ಸಾಗುತ್ತದೆ, ಮೈ ತರಿಯಾದ ಕಡೆ ಮಾತ್ರ ಹೊರಗೆ ಚೆಲ್ಲುತ್ತದೆ. ಗಾಜು ಕತ್ತಲೆಯಲ್ಲಿ ಮಾಯವಾಗಿ ಹೂವೊಂದೇ ಉಳಿಯಿತು! ಆದರೆ ತಣ್ಣನೆಯ ಬಿಳಿ ಬೆಳಕಿನಲ್ಲಿ ಅದು ಹಸಿರುಗಟ್ಟಿ ಕಂಡಿತು. ಸಾದಾ ಗಾಜಿನಲ್ಲಿರುವ ಕಬ್ಬಿಣದ ಅಂಶವೇ ಕಾರಣ. ಎಸ್.ಪಿ. ರಸ್ತೆಗೆ ಮತ್ತೊಮ್ಮೆ ಹೋಗಿ 3000 ಕೆಲ್ವಿನ್‌ನ, ಹಳದಿ ಛಾಯೆಯ ಬೆಚ್ಚನೆಯ ಬೆಳಕಿನ ಪಟ್ಟಿ ತಂದೆ.

ಕೂರಿಸುವ ಮುನ್ನ ಆಯುಧ ಪೂಜೆ ಬಂತು. ಗೋಡೆಗೊರಗಿಸಿದ್ದ ಗಾಜನ್ನೂ ಅತ್ತೆ ಬಿಡಲಿಲ್ಲ. ಎಣ್ಣೆಗೈಯಲ್ಲೇ ಕೊರೆದ ಮುಖಕ್ಕೆ ಅರಿಶಿನ, ಕುಂಕುಮ ಹಚ್ಚಿದರು. ತರಿ ಮೈ ಎಣ್ಣೆಯನ್ನು ಹಿಡಿದರೆ ಸುಲಭಕ್ಕೆ ಬಿಡದು. ಸೋಪು, ಸ್ಪಿರಿಟ್, ಹಲ್ಲುಜ್ಜುವ ಬ್ರಷ್ಷು ಎಲ್ಲ ಆಯಿತು. ಈಗಲೂ ಸಂಜೆ ದೀಪ ಹಾಕಿದರೆ ಒಂದು ಹೂವಿನ ಬುಡದಲ್ಲಿ ಕೇಸರಿ ಛಾಯೆಯಿದೆ. "ಪಾರಿಜಾತದ ತೊಟ್ಟು ಮತ್ತೆ ಯಾವ ಬಣ್ಣ?" ಎನ್ನುತ್ತಾರೆ ಅತ್ತೆ.