ಖರ್ದುಂಗ್ ಲಾ ಓಟದ ಮೂಲಕ ದೇಣಿಗೆ ಸಂಗ್ರಹಿಸುವವರಿಗೆ

ಲಡಾಖ್ ಮ್ಯಾರಥಾನಿನ ಅಂಗವಾಗಿ ಸೆಪ್ಟೆಂಬರಿನಲ್ಲಿ ನಡೆಯುವ ಖರ್ದುಂಗ್ ಲಾ ಚಾಲೆಂಜ್ 72 ಕಿಲೋಮೀಟರ್ ದೂರದ ಓಟ. ಖರ್ದುಂಗ್ ಗ್ರಾಮದಿಂದ ನಸುಕಿಗೂ ಮೊದಲೇ ಹೊರಟು, ಸುಮಾರು 5,370 ಮೀಟರ್ ಎತ್ತರದ ಘಟ್ಟದ ನೆತ್ತಿಯನ್ನು ದಾಟಿ, ಲೇಹ್ ಪಟ್ಟಣಕ್ಕೆ ಇಳಿಯಬೇಕು. ಇಂಥ ಓಟವನ್ನು ಒಂದು ಸೇವಾಸಂಸ್ಥೆಗಾಗಿ ಓಡಲು ಬಯಸುವವರು ತರಬೇತಿಯನ್ನು ಆರಂಭಿಸುವುದಕ್ಕೂ ಮೊದಲು ಹಣದ ವಿಷಯದಲ್ಲಿ ಒಂದು ನಿಶ್ಚಯಕ್ಕೆ ಬರಬೇಕು: ದೇಣಿಗೆಯು ಓಟ ಮುಗಿಸುವುದರ ಮೇಲೆ ಅವಲಂಬಿಸಿರಬಾರದು.

ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂಬ ವಾಗ್ದಾನ ಕೇಳಲು ಆಕರ್ಷಕವಾಗಿದ್ದರೂ ಎತ್ತರದ ಪ್ರದೇಶದಲ್ಲಿ ಅದು ಅಪಾಯಕಾರಿ. ನೆತ್ತಿಯ ಬಳಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಅರ್ಧದಷ್ಟೇ ಇರುತ್ತದೆ. ವಿಶ್ರಾಂತಿಯಲ್ಲಿದ್ದಾಗಲೂ ಏದುಸಿರು ಬರುತ್ತಿದ್ದರೆ ಅಥವಾ ನಡಿಗೆ ತೂರಾಡುತ್ತಿದ್ದರೆ ಶ್ವಾಸಕೋಶದಲ್ಲಿ ಇಲ್ಲವೇ ಮಿದುಳಿನಲ್ಲಿ ನೀರು ತುಂಬುತ್ತಿರುವ ಸಾಧ್ಯತೆಯಿದ್ದು, ತಡಮಾಡದೆ ಕೆಳಗಿಳಿದು ವೈದ್ಯರ ನೆರವು ಪಡೆಯಬೇಕು. ಆ ಹೊತ್ತಿನಲ್ಲಿ ಓಟಗಾರನ ಮನಸ್ಸಿನಲ್ಲಿ ದಾನಿಗಳ ಲೆಕ್ಕ ಸುಳಿಯಬಾರದು. ಆದ್ದರಿಂದ ಓಟ ಪೂರ್ಣಗೊಳ್ಳದಿದ್ದರೂ ಹಣ ಸಂಸ್ಥೆಗೇ ಸೇರುತ್ತದೆ ಎಂಬುದನ್ನು ಮನವಿಯ ಮೊದಲ ಸಾಲುಗಳಲ್ಲೇ ಬರೆಯಿರಿ.

ಸಂಸ್ಥೆಯನ್ನು ಆರಿಸುವಾಗ ನೀವು ಸ್ವತಃ ಹೋಗಿ ನೋಡಬಹುದಾದದ್ದನ್ನು ಆರಿಸುವುದು ಒಳ್ಳೆಯದು. ಕಣ್ಣಾರೆ ಕಂಡ ಕೆಲಸದ ಬಗ್ಗೆ ಬರೆದ ಮನವಿಗೆ ಬೇರೆಯೇ ತೂಕವಿರುತ್ತದೆ. ದಾನಿಗಳಿಗೆ ದೊರೆಯುವ, ಜನ 80ಜಿ ಎಂದು ಕರೆಯುವ ತೆರಿಗೆ ರಿಯಾಯಿತಿಗೆ ಸಂಸ್ಥೆ ನೋಂದಾಯಿತವಾಗಿದೆಯೇ ಎಂದು ವಿಚಾರಿಸಿ. ಈ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ದೊರೆಯುತ್ತದೆ; 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಅದು ಅನ್ವಯಿಸುವುದಿಲ್ಲ. ಹಣ ನೇರವಾಗಿ ಸಂಸ್ಥೆಯ ಖಾತೆಗೇ ಹೋಗಲಿ, ನಿಮ್ಮ ವೈಯಕ್ತಿಕ ಯುಪಿಐಗೆ ಬೇಡ.

ವಿದೇಶದಲ್ಲಿರುವ ಕನ್ನಡಿಗರು ನೆರವಾಗಲು ಮುಂದೆ ಬಂದಾಗ ಇನ್ನೊಂದು ಎಚ್ಚರಿಕೆ ಬೇಕು. ಭಾರತದ ಪೌರತ್ವ ಉಳಿಸಿಕೊಂಡಿರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದ ಬಂಧು ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಹೊಂದಿದ್ದರೂ ಅವರ ಹಣ ವಿದೇಶಿ ದೇಣಿಗೆಯೇ ಆಗುತ್ತದೆ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆ ಅದನ್ನು ಸ್ವೀಕರಿಸುವಂತಿಲ್ಲ.

ವಿಮಾನ, ವಸತಿ, ಬೂಟು, ಪ್ರವೇಶ ಶುಲ್ಕಗಳನ್ನು ನಿಮ್ಮ ಜೇಬಿನಿಂದಲೇ ಭರಿಸಿ, ಹಾಗೆಂದು ಮನವಿಯಲ್ಲಿ ಸ್ಪಷ್ಟವಾಗಿ ಹೇಳಿ. ಓಟಗಾರನ ಪ್ರವಾಸಕ್ಕೆ ತಾವು ಹಣ ಕೊಡುತ್ತಿದ್ದೇವೆಯೇ ಎಂಬ ಅನುಮಾನ ದಾನಿಗಳಲ್ಲಿ ಸಹಜವಾಗಿಯೇ ಮೂಡುತ್ತದೆ, ಮತ್ತು ಆ ಅನುಮಾನ ನ್ಯಾಯವಾದದ್ದು. ಮೊದಲ ಮನವಿಯನ್ನು ಹತ್ತಿರದವರಿಗೆ ಒಬ್ಬೊಬ್ಬರಿಗೇ ಕಳುಹಿಸಿ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಸಂದೇಶವನ್ನು ಎಲ್ಲರೂ ಓದುತ್ತಾರೆ, ಆದರೆ ಬೇರೆಯವರು ಕೊಡುತ್ತಾರೆಂದು ಪ್ರತಿಯೊಬ್ಬರೂ ಸುಮ್ಮನಾಗುತ್ತಾರೆ.

ತರಬೇತಿಗೆ ನಂದಿಬೆಟ್ಟದ ಏರುದಾರಿ ಕಾಲುಗಳನ್ನು ಗಟ್ಟಿಗೊಳಿಸುತ್ತದೆ. ಇಳಿಜಾರಿನಲ್ಲಿ ಓಡುವ ಅಭ್ಯಾಸವೂ ಅಷ್ಟೇ ಮುಖ್ಯ, ಏಕೆಂದರೆ ನೆತ್ತಿಯಿಂದ ಲೇಹ್‌ವರೆಗಿನ ದೀರ್ಘ ಇಳಿತ ತೊಡೆಗಳನ್ನು ಬಳಲಿಸುತ್ತದೆ. ಎತ್ತರಕ್ಕೆ ಒಗ್ಗಿಕೊಳ್ಳುವ ಕೆಲಸ ಮಾತ್ರ ಕರ್ನಾಟಕದಲ್ಲಿ ಆಗದು, ನಮ್ಮ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಲೇಹ್ ಇರುವುದೇ 3,500 ಮೀಟರ್ ಎತ್ತರದಲ್ಲಾದ್ದರಿಂದ ಓಟಕ್ಕೆ ಹತ್ತು ದಿನ ಮೊದಲಾದರೂ ಅಲ್ಲಿಗೆ ತಲುಪಿ, ಮೊದಲ ಎರಡು ದಿನ ಪೂರ್ಣ ವಿಶ್ರಾಂತಿ ಪಡೆದು, ಬಳಿಕ ಹಂತಹಂತವಾಗಿ ಮೇಲೇರಿ. ಎತ್ತರದ ಕಾಯಿಲೆಯನ್ನು ತಡೆಯಲು ಬಳಸುವ ಡಯಾಮಾಕ್ಸ್ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬೇಡಿ. ಈ ಮೊದಲು ದೀರ್ಘ ಓಟಗಳನ್ನು ಮುಗಿಸಿದ ದಾಖಲೆಯನ್ನು ಸಂಘಟಕರು ಕೇಳುವುದರಿಂದ, ತಯಾರಿಗೆ ಒಂದೆರಡು ವರ್ಷಗಳನ್ನು ಮೀಸಲಿಡುವುದು ವಾಸ್ತವಿಕ.

ಓಟವಾದ ವಾರದೊಳಗೆ ಸಂಗ್ರಹವಾದ ಒಟ್ಟು ಮೊತ್ತ, ಆನ್‌ಲೈನ್ ವೇದಿಕೆಯ ಮೂಲಕ ಸಂಗ್ರಹಿಸಿದ್ದರೆ ಅದರ ಶುಲ್ಕ, ಸಂಸ್ಥೆಗೆ ತಲುಪಿದ ಹಣ ಇವಿಷ್ಟನ್ನೂ ದಾನಿಗಳಿಗೆ ಬರೆದು ತಿಳಿಸಿ. ದೇಣಿಗೆಯ ಪ್ರಮಾಣಪತ್ರಕ್ಕೆ ಪ್ಯಾನ್ ಸಂಖ್ಯೆ ಬೇಕಾಗುವುದರಿಂದ ಅದನ್ನು ದಾನಿಗಳು ಸಂಸ್ಥೆಗೆ ಹಣ ಕಳುಹಿಸುವಾಗಲೇ ಕೊಡುವಂತೆ ಕೋರಿ, ಏಕೆಂದರೆ ಆರ್ಥಿಕ ವರ್ಷದ ಕೊನೆಯಲ್ಲಿ ಒಬ್ಬೊಬ್ಬರನ್ನೇ ಹುಡುಕಿ ಕೇಳುವುದು ಸಣ್ಣ ಸಂಸ್ಥೆಗಳಿಗೆ ಬಹಳ ಕಷ್ಟವಾಗುತ್ತದೆ.