ಒಂದರ ಮೇಲೊಂದು ವಾದ್ಯ ಕಲಿಯುವುದು ಹೇಗೆ?

ಕೀಬೋರ್ಡ್ ಒಂದಿಷ್ಟು ಕೈಗೆ ಹತ್ತುತ್ತಿದ್ದಂತೆ ಗಿಟಾರ್ ಮೇಲೆ ಆಸೆ, ಗಿಟಾರ್ ಹಿಡಿದು ಕೂತರೆ ಕೊಳಲಿನ ಸೆಳೆತ. ಹೀಗೆ ಮನಸ್ಸು ಹರಿದಾಡುವುದು ತಪ್ಪೇನಲ್ಲ. ಹಲವು ವಾದ್ಯ ಕಲಿತವರಿಗೆ ಸಂಗೀತ ಇನ್ನಷ್ಟು ಆಳವಾಗಿ ದಕ್ಕುತ್ತದೆ ಎಂದು ನಂಬುವವರಲ್ಲಿ ನಾನೂ ಒಬ್ಬ. ಆದರೆ ಈ ದಾರಿ ಹಿಡಿದವರಲ್ಲಿ ಹೆಚ್ಚಿನವರು ಎಡವುವುದನ್ನು ನಾನು ಒಂದೇ ಜಾಗದಲ್ಲಿ ನೋಡಿದ್ದೇನೆ: ಎರಡನೇ ವಾದ್ಯದ ಮೊದಲ ಕೆಲವು ವಾರಗಳಲ್ಲಿ. ಹೊಸದು ಕೂಡಿ ಬರುವುದಿಲ್ಲ, ಅಷ್ಟರಲ್ಲಿ ಹಳೆಯದೂ ಕೈತಪ್ಪಿರುತ್ತದೆ. ಆ ಘಟ್ಟ ದಾಟಿದರೆ ಮುಂದಿನದು ಸಲೀಸು.

ಹಂತ 1: ಮೊದಲ ವಾದ್ಯ ಗಟ್ಟಿ ಮಾಡಿಕೊಳ್ಳಿ

ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ಎಷ್ಟು ತಿಂಗಳು ಕಾಯಬೇಕು ಎಂಬ ಲೆಕ್ಕ ಬೇಡ, ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಶ್ರುತಿ ನೀವೇ ಸೇರಿಸಿಕೊಳ್ಳಬಲ್ಲಿರಾ? ಗೊತ್ತಿರುವ ಹಾಡನ್ನು ನಡುವಿನ ಸಾಲಿನಿಂದ ಎತ್ತಿಕೊಳ್ಳಬಲ್ಲಿರಾ? ತಪ್ಪಿದಾಗ ನಿಲ್ಲದೆ, ತಾಳ ಬಿಡದೆ ಮುಂದೆ ಸಾಗಬಲ್ಲಿರಾ? ಅದೇ ಹಾಡಿನ ಸ್ವರಗಳನ್ನು ವಾದ್ಯ ಮುಟ್ಟದೆ ಬಾಯಲ್ಲಿ ಹೇಳಬಲ್ಲಿರಾ? ನಾಲ್ಕಕ್ಕೂ ಹೌದು ಎಂದಾದರೆ ಮುಂದುವರಿಯಿರಿ. ಕೊನೆಯ ಪ್ರಶ್ನೆಯಲ್ಲೇ ಹೆಚ್ಚಿನವರು ಸಿಕ್ಕಿಬೀಳುತ್ತಾರೆ. ಬೆರಳಿಗೆ ಹಾಡು ಗೊತ್ತಿರುತ್ತದೆ, ಅವರಿಗೆ ಗೊತ್ತಿರುವುದಿಲ್ಲ. ಬೆರಳಿಗೆ ಮಾತ್ರ ಗೊತ್ತಿರುವ ಹಾಡು ಇನ್ನೊಂದು ವಾದ್ಯಕ್ಕೆ ದಾಟುವುದಿಲ್ಲ.

ಹಂತ 2: ಎರಡನೆಯದನ್ನು ಆರಿಸಿ

ನಾದ ಹುಟ್ಟುವ ಬಗೆಯೇ ಬೇರೆಯಾಗಿರುವ ವಾದ್ಯ ಆರಿಸಿ. ತಂತಿ ಮೀಟುವವರು ಊದುವುದಕ್ಕೆ ಬನ್ನಿ, ಕೀಲಿಮಣೆಯವರು ತಂತಿಗೆ ಬನ್ನಿ. ಹತ್ತಿರದ ನೆಂಟಸ್ತಿಕೆಯ ವಾದ್ಯಗಳೇ ಹೆಚ್ಚು ಗೊಂದಲ ಮಾಡುತ್ತವೆ. ಸ್ಯಾಕ್ಸೊಫೋನ್ ಮತ್ತು ಕ್ಲಾರಿನೆಟ್ ನೋಡಲು, ಹಿಡಿಯಲು ಸೋದರರು. ಸ್ಯಾಕ್ಸೊಫೋನಿನಲ್ಲಿ ಹೆಬ್ಬೆರಳಿನ ಕೀಲಿ ಒತ್ತಿದರೆ ಅದೇ ಸ್ವರ ಒಂದು ಸ್ಥಾಯಿ (ಏಳು ಸ್ವರದ ಒಂದು ಸುತ್ತು) ಮೇಲೆ ಕೇಳುತ್ತದೆ. ಕ್ಲಾರಿನೆಟ್‌ನಲ್ಲಿ ಹಾಗಲ್ಲ, ಷಡ್ಜ (ಸ) ಹಿಡಿದಿದ್ದರೆ ಮೇಲಿನ ಸ್ಥಾಯಿಯ ಪಂಚಮ (ಪ) ಬರುತ್ತದೆ. ಒಂದರ ರೂಢಿ ಇನ್ನೊಂದರಲ್ಲಿ ತಪ್ಪು ಸ್ವರವಾಗುತ್ತದೆ.

ಗಿಟಾರ್ ಬಲ್ಲವರು ಯುಕುಲೆಲೆಗೆ (ನಾಲ್ಕು ತಂತಿಯ, ಪುಟ್ಟ ಗಿಟಾರಿನಂಥ ವಾದ್ಯ) ಹೋಗುವುದು ಬೇರೆ ಮಾತು. ಗಿಟಾರಿನ ಐದನೇ ಫ್ರೆಟ್‌ಗೆ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿ) ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಕೆಳಗಿನ, ಅಂದರೆ ತೆಳ್ಳಗಿನ, ನಾಲ್ಕು ತಂತಿ ಮೀಟಿದರೆ ಯುಕುಲೆಲೆಯ ಸ್ವರಗಳೇ ಸಿಗುತ್ತವೆ. ಯುಕುಲೆಲೆಯಲ್ಲಿ ಸಾಮಾನ್ಯವಾಗಿ ನಾಲ್ಕನೇ ತಂತಿ ಒಂದು ಸ್ಥಾಯಿ ಮೇಲಿರುತ್ತದೆ, ವ್ಯತ್ಯಾಸ ಅಷ್ಟೇ. ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಆಕಾರವೂ ಅದೇ. ಅದನ್ನು ಎರಡನೇ ವಾದ್ಯ ಎಂದು ಲೆಕ್ಕಕ್ಕೆ ಹಿಡಿಯಬೇಡಿ, ಬಿಡುವಿನಲ್ಲಿ ಕಲಿತುಬಿಡಿ. ಪಿಟೀಲು ಮತ್ತು ಮ್ಯಾಂಡೊಲಿನ್ ಕೂಡ ಪಾಶ್ಚಾತ್ಯ ಪದ್ಧತಿಯಲ್ಲಿ ಒಂದೇ ಶ್ರುತಿಜೋಡಣೆಯವು. ಎಡಗೈ ಪಾಠ ಬಹುಪಾಲು ದಾಟುತ್ತದೆ, ಬಲಗೈ ಮಾತ್ರ ಕಮಾನಿನಿಂದ ಪ್ಲೆಕ್ಟ್ರಮ್‌ಗೆ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬಂದು ಮೊದಲಿನಿಂದ ಕಲಿಯಬೇಕು.

ಹಂತ 3: ವಾದ್ಯ ಪರೀಕ್ಷಿಸಿ ತನ್ನಿ

ಅಗ್ಗದ ವಾದ್ಯದಲ್ಲಿ ಕಲಿತು ಆಮೇಲೆ ಒಳ್ಳೆಯದು ಕೊಳ್ಳೋಣ ಎಂಬ ಲೆಕ್ಕಾಚಾರ ಕೈಯನ್ನು ಕೆಡಿಸುತ್ತದೆ. ಗಿಟಾರಿನ ಹನ್ನೆರಡನೇ ಫ್ರೆಟ್‌ನಲ್ಲಿ ತಂತಿಗೂ ಫ್ರೆಟ್‌ಗೂ ನಡುವೆ 3 ಮಿಲಿಮೀಟರ್‌ಗಿಂತ ಹೆಚ್ಚು ಅಂತರವಿದ್ದರೆ ಹಾಗೆಯೇ ಮನೆಗೆ ತರಬೇಡಿ. ಆ ಫ್ರೆಟ್‌ನ ನೇರಕ್ಕೆ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿ, ತಕ್ಷಣ ಬೆರಳೆತ್ತಿ. ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡರ ಸ್ವರವೂ ಒಂದೇ ಆಗಿರಬೇಕು. ಕೀಬೋರ್ಡ್ ಆದರೆ ಕನಿಷ್ಠ 61 ಕೀಲಿ ಇರಲಿ. ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಗಟ್ಟಿದನಿ ಬಾರದಿದ್ದರೆ ಅದು ಆಟಿಕೆ. ಕೊಳಲಿನಲ್ಲಿ ಕೆಳಗಿನ ಷಡ್ಜ, ಮೇಲಿನ ಷಡ್ಜ ಎರಡನ್ನೂ ಬಲ್ಲವರಿಂದ ಊದಿಸಿ, ಟ್ಯೂನರ್ (ಶ್ರುತಿ ಅಳೆಯುವ ಸಾಧನ) ಇಟ್ಟು ನೋಡಿ.

ಕೀಲಿಗಳ ಮೇಲೆ, ಫ್ರೆಟ್‌ಗಳ ಮೇಲೆ ಅಂಟಿಸುವ ಸ್ವರದ ಚೀಟಿಗಳನ್ನು ಇಂದೇ ಕಿತ್ತುಹಾಕಿ. ಅವು ಕಣ್ಣಿಗೆ ಓದು ಕಲಿಸುತ್ತವೆ, ಕೈಗೆ ಜಾಗ ಕಲಿಸುವುದಿಲ್ಲ. ಬಣ್ಣದ ಪಟ್ಟಿಗಳು ಮೇಲಿನಿಂದ ಉದುರುವ ವಿಡಿಯೊ ಪಾಠಗಳಿಗೂ ಇದೇ ಮಾತು.

ಹಂತ 4: ಕೈ ಬದಲಾಗುವ ವಾರಗಳು

ಇಲ್ಲಿ ಅವಸರ ಬೇಡವೇ ಬೇಡ. ಮೊದಲ ವಾದ್ಯ ಕಲಿಯುವಾಗ ಕಿವಿಯೂ ಕೈಯೂ ಜೊತೆಜೊತೆಗೆ ಬೆಳೆದಿದ್ದವು. ಈಗ ಕಿವಿ ಎಷ್ಟೋ ಮುಂದಿದೆ, ಕೈ ಮಾತ್ರ ಹೊಸದು. ಹಾಗಾಗಿ ನಿಮ್ಮ ಕೈಯಿಂದ ಬರುವ ನಾದ ನಿಮಗೇ ಸಹಿಸಲಾಗುವುದಿಲ್ಲ. ಅನೇಕರು ತಮಗೆ ಯೋಗ್ಯತೆಯಿಲ್ಲ ಎಂದುಕೊಂಡು ಬಿಡುವುದು ಆಗಲೇ. ಆ ಅಸಹನೆ ಕಿವಿ ಪಳಗಿದೆ ಎಂಬುದರ ಗುರುತು.

ಹೊಸ ವಾದ್ಯದಲ್ಲಿ ಹೊಸ ಹಾಡು ಕಲಿಯಬೇಡಿ. ಕಂಠಪಾಠವಾಗಿರುವ ಒಂದು ಚಿಕ್ಕ ಹಾಡು ಅಥವಾ ಮಾಯಾಮಾಳವಗೌಳ ರಾಗದ ಸರಳೆ ವರಸೆ (ಕರ್ನಾಟಕ ಸಂಗೀತದ ಮೊದಲ ಸ್ವರಪಾಠ) ಸಾಕು. ಮೊದಲು ತಂಬೂರಿಯ ಶ್ರುತಿ ಇಟ್ಟು ಬಾಯಲ್ಲಿ ಹಾಡಿ. ಆಮೇಲೆ ಹೊಸ ವಾದ್ಯದಲ್ಲಿ ಷಡ್ಜ ಹುಡುಕಿ, ಉಳಿದ ಸ್ವರಗಳನ್ನು ಕಿವಿಯಿಂದಲೇ ಒಂದೊಂದಾಗಿ ಕೂಡಿಸಿ. ಹಳೆಯ ವಾದ್ಯದಲ್ಲಿ ಯಾವ ಬೆರಳಿತ್ತು ಎಂದು ನೆನೆಯಲೇಬೇಡಿ.

ಹಳೆಯ ರೂಢಿ ಎಲ್ಲಿ ಕೈಕೊಡುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಕಷ್ಟ ತಪ್ಪುತ್ತದೆ. ಕೀಬೋರ್ಡಿನಲ್ಲಿ ಒಂದು ಸ್ವರಕ್ಕೆ ಒಂದೇ ಮನೆ. ಗಿಟಾರಿನಲ್ಲಿ ತೀರ ಕೆಳಗಿನ (ಅತಿ ತೆಳ್ಳಗಿನ) ತಂತಿಯನ್ನು ಒತ್ತದೆ ಮೀಟಿದಾಗ ಬರುವ ಸ್ವರವೇ ಎರಡನೇ ತಂತಿಯ 5ನೇ ಫ್ರೆಟ್, ಮೂರನೆಯದರ 9ನೇ ಫ್ರೆಟ್, ನಾಲ್ಕನೆಯದರ 14ನೇ ಫ್ರೆಟ್‌ನಲ್ಲೂ ಇದೆ. ಕೀಬೋರ್ಡಿನವರು ಇಲ್ಲಿ ದಾರಿ ತಪ್ಪುತ್ತಾರೆ. ಮೊದಲ ತಿಂಗಳು ಮೊದಲ ಐದು ಫ್ರೆಟ್ ದಾಟಬೇಡಿ.

ಗಿಟಾರಿನಿಂದ ಪಿಟೀಲಿಗೆ ಬರುವವರ ತೊಂದರೆ ಬೇರೆ. ಗಿಟಾರಿನಲ್ಲಿ ಬೆರಳು ಫ್ರೆಟ್‌ನ ಹಿಂದೆ ಎಲ್ಲಿದ್ದರೂ ಸ್ವರವನ್ನು ನಿಲ್ಲಿಸುವುದು ಲೋಹದ ಪಟ್ಟಿ. ಪಿಟೀಲಿನಲ್ಲಿ ಸ್ವರ ನಿಲ್ಲಿಸುವುದು ನಿಮ್ಮ ಬೆರಳ ತುದಿಯೇ. ಅಲ್ಲಿ ನಾದ ಹೊಮ್ಮಿಸುವ ತಂತಿಯ ಉದ್ದ ಸುಮಾರು 33 ಸೆಂಟಿಮೀಟರ್, ಗಿಟಾರಿನ ತಂತಿಯ ಅರ್ಧದಷ್ಟು. ಬೆರಳು ಕೂದಲೆಳೆ ಹೊರಳಿದರೂ ಅಪಸ್ವರ. ಗಿಟಾರಿನ ಬಲದಲ್ಲಿ ಒತ್ತಲೂಬೇಡಿ. ತಂತಿ ಸ್ಪಷ್ಟವಾಗಿ ನುಡಿಯುವಷ್ಟು ಒತ್ತಿದರೆ ಸಾಕು, ಹೆಬ್ಬೆರಳು ಸಡಿಲವಾಗಿರಲಿ. ಮೊದಲ ವಾರವಿಡೀ ಬರೀ ಕಮಾನು ಎಳೆಯಿರಿ: ತಂತಿಗೆ ಅಡ್ಡ ನೇರವಾಗಿ, ಬೆರಳೊತ್ತದ ತಂತಿಯ ಮೇಲೆ, ಒಂದು ಎಳೆತಕ್ಕೆ ನಾಲ್ಕು ಅಕ್ಷರ ಕಾಲ (ತಾಳದಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು).

ಕೊಳಲಿಗೆ ಬರುವವರು ರಂಧ್ರಗಳನ್ನು ಮುಚ್ಚಲು ಧಾವಿಸುತ್ತಾರೆ. ಬೇಡ. ಎಲ್ಲ ಬೆರಳೂ ತೆಗೆದು, ಊದುವ ರಂಧ್ರದ ಅಂಚನ್ನು ಕೆಳತುಟಿಗೆ ತಾಗಿಸಿ, ಉಸಿರು ಎದುರಿನ ಅಂಚಿಗೆ ಬಡಿಯುವಂತೆ ಊದಿ. ನಾದ ಬರದಿದ್ದರೆ ಜೋರಾಗಿ ಊದಬೇಡಿ, ಕೊಳಲನ್ನು ಸ್ವಲ್ಪ ಸ್ವಲ್ಪವೇ ಹೊರಳಿಸಿ. ತಲೆ ಸುತ್ತಿದಂತಾದರೆ ನಿಲ್ಲಿಸಿ ಕುಳಿತುಕೊಳ್ಳಿ. ನಾದ ನಿಂತ ಮೇಲೆ ಬಾಯಿಗೆ ಹತ್ತಿರದ ರಂಧ್ರದಿಂದ ಶುರುಮಾಡಿ ಒಂದೊಂದೇ ಮುಚ್ಚುತ್ತ ಹೋಗಿ. ಒಂದು ರಂಧ್ರ ಮುಚ್ಚಿದೊಡನೆ ದನಿ ಒಡೆದರೆ ಎಲ್ಲೋ ಗಾಳಿ ಸೋರುತ್ತಿದೆ. ಬೆರಳುಗಳನ್ನು ತಿರುಗಿಸಿ ನೋಡಿ: ಪ್ರತಿ ಬೆರಳಿನ ಮೆತ್ತೆಯ ಮೇಲೂ ರಂಧ್ರದ ಗುರುತು ಪೂರ್ತಿ ವೃತ್ತವಾಗಿ ಮೂಡಿರಬೇಕು. ಅರ್ಧಚಂದ್ರದಂತಿರುವ ಬೆರಳೇ ಸೋರುತ್ತಿರುವುದು.

ಹೊಸ ವಾದ್ಯಕ್ಕೆ ದಿನಕ್ಕೆ ಹದಿನೈದು ನಿಮಿಷದಂತೆ ಎರಡು ಬಾರಿ, ಅಷ್ಟೇ. ಮೊದಲ ವಾದ್ಯದ ಅಭ್ಯಾಸ ಒಂದು ದಿನವೂ ತಪ್ಪದಿರಲಿ. ಆದರೆ ಎರಡನ್ನೂ ಬೆನ್ನುಬೆನ್ನಿಗೆ ನುಡಿಸಬೇಡಿ, ಒಂದು ಬೆಳಿಗ್ಗೆ, ಇನ್ನೊಂದು ಸಂಜೆ. ಮೂರ್ನಾಲ್ಕು ವಾರ ಕಳೆದು ಹೊಸ ವಾದ್ಯದಲ್ಲಿ ಹಾಡು ತಡವರಿಸದೆ ಬರತೊಡಗಿದ ಮೇಲೆ ಈ ನಿಯಮವನ್ನು ಬೇಕೆಂದೇ ಮುರಿಯಿರಿ. ಮೆಟ್ರೊನೋಮ್ (ಸಮನಾಗಿ ಮಿಡಿದು ಲಯ ತೋರಿಸುವ ಸಾಧನ) ನಿಮಿಷಕ್ಕೆ 60 ಮಿಡಿತಕ್ಕೆ ಇಟ್ಟು ಒಂದು ಸಾಲು ಹಳೆಯದರಲ್ಲಿ, ಕೂಡಲೇ ಅದೇ ಸಾಲು ಹೊಸದರಲ್ಲಿ, ಮತ್ತೆ ಹಳೆಯದಕ್ಕೆ. ಮೊದಮೊದಲು ಎರಡೂ ಕೆಡುತ್ತವೆ. ಬಿಡದೆ ಮಾಡಿ. ಎರಡು ವಾದ್ಯಗಳು ನಿಮ್ಮೊಳಗೆ ಬೇರೆ ಬೇರೆ ಜಾಗ ಹಿಡಿಯುವುದು ಈ ಅದಲುಬದಲಿನಲ್ಲೇ.

ಹಂತ 5: ಮೂರನೆಯದು

ಮೂರನೆಯದು ತಾಳವಾದ್ಯವೇ ಆಗಿರಲಿ. ಮೃದಂಗವೋ ತಬಲವೋ ನಿಮ್ಮಿಷ್ಟ. ಸ್ವರ ನುಡಿಸುವವರಲ್ಲಿ ಅನೇಕರಿಗೆ ಲಯ ಸಡಿಲ, ಅದು ಬಿಗಿಯಾಗುವುದು ಇಲ್ಲಿ. ಚರ್ಮ ಮುಟ್ಟುವ ಮೊದಲು ಪಾಠವನ್ನು ಬಾಯಲ್ಲಿ ಹೇಳಿ. ಮೃದಂಗವಾದರೆ 'ತ ಧಿ ತೊಂ ನಂ' ಎಂಬುದನ್ನು ಕೈಯಲ್ಲಿ ತಾಳ ಹಾಕುತ್ತ ಮೂರು ಕಾಲದಲ್ಲೂ (ಒಂದಕ್ಕಿಂತ ಒಂದು ಇಮ್ಮಡಿ ವೇಗದಲ್ಲಿ) ತಪ್ಪದೆ ಹೇಳಲು ಬರಬೇಕು. ಹೊಡೆತಗಳನ್ನು ಮಾತ್ರ ವಿಡಿಯೊ ನೋಡಿ ಕಲಿಯಬೇಡಿ. ಬೆರಳು ಎಲ್ಲಿ ಬೀಳಬೇಕು, ಬಿದ್ದೊಡನೆ ಏಳಬೇಕೋ ಅಲ್ಲೇ ನಿಲ್ಲಬೇಕೋ ಎಂಬುದನ್ನು ಎದುರು ಕೂತ ಗುರುವಷ್ಟೇ ತಿದ್ದಬಲ್ಲರು. ಮೊದಲ ಎರಡು ತಿಂಗಳಾದರೂ ಗುರುವಿನ ಬಳಿ ಕೂರಿ.