ಮಳೆ ಬಿಡದ ವಸಂತದಲ್ಲಿ ತರಕಾರಿ ಕೈತೋಟ

ವಸಂತದಲ್ಲಿ ಮಳೆ ಹಿಡಿದು ಕುಳಿತರೆ ತರಕಾರಿ ಗಿಡಗಳ ಬೇರಿಗೆ ಗಾಳಿಯ ಅಭಾವ ತಟ್ಟುತ್ತದೆ. ಮಣ್ಣಿನ ಕಣಗಳ ಸಂದುಗಳಲ್ಲೆಲ್ಲ ನೀರು ತುಂಬಿಕೊಂಡಾಗ ಆಮ್ಲಜನಕ ಸಿಗದ ಬೇರು ನೀರನ್ನು ಹೀರುವ ಶಕ್ತಿಯನ್ನೂ ಕಳೆದುಕೊಳ್ಳುವುದರಿಂದ, ಕೆಸರಿನಲ್ಲಿ ನಿಂತ ಗಿಡವೂ ಬಾಯಾರಿದ ಗಿಡದಂತೆಯೇ ಬಾಡುತ್ತದೆ. ಅದನ್ನು ಕಂಡು ಮತ್ತಷ್ಟು ನೀರುಣಿಸುವವರೂ ಉಂಟು.

ಆದ್ದರಿಂದ ಗುದ್ದಲಿ ಹಿಡಿಯುವ ಮೊದಲು ಮಣ್ಣಿನ ಹದ ನೋಡಬೇಕು. ಸುಮಾರು 10 ಸೆಂ.ಮೀ. ಆಳದಿಂದ ಒಂದು ಹಿಡಿ ಮಣ್ಣು ತೆಗೆದು, ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಬೆರಳಿನಿಂದ ತಟ್ಟಿ ನೋಡಿ. ಉಂಡೆ ಪುಡಿಯಾಗಿ ಉದುರಿದರೆ ಮಣ್ಣು ಹದಕ್ಕೆ ಬಂದಿದೆ. ಹಾಗೆಯೇ ಉಳಿದರೆ ಇನ್ನೂ ಕೆಲವು ದಿನ ಕಾಯುವುದೇ ಲೇಸು. ಹಸಿ ಜೇಡಿಮಣ್ಣನ್ನು ಅಗೆದರೆ ಅದು ಒಣಗಿ ಕಲ್ಲಿನಂಥ ಹೆಂಟೆಗಳಾಗುತ್ತದೆ, ಆ ಹಂಗಾಮು ಪೂರ್ತಿ ಅದರ ಫಲ ಉಣ್ಣಬೇಕಾಗುತ್ತದೆ. ಮಡಿಯನ್ನು ತುಳಿಯುವುದೂ ಅಷ್ಟೇ ಹಾನಿಕರ. ಕಾಲಿಡಲೇಬೇಕಾದರೆ ಅಗಲವಾದ ಹಲಗೆಯೊಂದನ್ನು ಹಾಸಿ ಅದರ ಮೇಲೆ ನಿಲ್ಲಿ.

ನೀರು ನಿಲ್ಲುವ ಜಾಗದಲ್ಲಿ ಕಾಂಪೋಸ್ಟ್ ಬೆರೆಸಿ ಮಡಿಯನ್ನು 15ರಿಂದ 20 ಸೆಂ.ಮೀ. ಎತ್ತರಿಸಿ, ಪಕ್ಕದಲ್ಲಿ ಬಸಿಗಾಲುವೆ ತೆಗೆಯಿರಿ. ಕುಂಡಗಳ ತಳದಲ್ಲಿ ತೂತು ಇರಬೇಕು, ಆದರೆ ಅಲ್ಲಿ ಜಲ್ಲಿ ತುಂಬುವ ರೂಢಿಯಿಂದ ಪ್ರಯೋಜನವಿಲ್ಲ: ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ತಂಗುತ್ತದೆ, ಬೇರಿಗೆ ಸಿಗುವ ಜಾಗ ಮಾತ್ರ ಕಡಿಮೆಯಾಗುತ್ತದೆ.

ಬೀನ್ಸ್ ಬೀಜವನ್ನು ಮಣ್ಣು ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾಗುವ ಮುನ್ನ ಬಿತ್ತಿದರೆ ಅದು ಮೊಳೆಯುವ ಬದಲು ಕೊಳೆಯುವ ಸಂಭವವೇ ಹೆಚ್ಚು. ಬಟಾಣಿ ಮತ್ತು ಪಾಲಕ್ ಚಳಿಯನ್ನು ತಾಳುತ್ತವೆ, ನಿಂತ ನೀರನ್ನಲ್ಲ. ಟ್ರೇಗಳಲ್ಲಿ ಸಸಿ ಬೆಳೆಸುವವರು ಬೀಜವನ್ನು ಒತ್ತೊತ್ತಾಗಿ ಹಾಕದೆ ಗಾಳಿಯಾಡಲು ಬಿಡಬೇಕು. ಇಲ್ಲವಾದರೆ ಬುಡಕ್ಕೆ ಶಿಲೀಂಧ್ರ ತಗುಲಿ ಎಳೆಯ ಸಸಿಗಳು ರಾತ್ರಿ ಬೆಳಗಾಗುವುದರಲ್ಲಿ ಮಲಗಿಬಿಡುತ್ತವೆ.

ಸತತ ಮಳೆಯು ಮಣ್ಣಿನ ಸಾರಜನಕವನ್ನು ಬೇರಿನ ಆಳಕ್ಕಿಂತ ಕೆಳಗೆ ಕೊಚ್ಚಿ ಒಯ್ಯುವುದರಿಂದ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಆದರೆ ಉಸಿರುಗಟ್ಟಿದ ಬೇರೂ ಇಂಥದೇ ಲಕ್ಷಣ ತೋರುವುದರಿಂದ, ನೀರು ಬಸಿದ ಮೇಲಷ್ಟೇ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ.

ಟೊಮೆಟೊ ಮತ್ತು ಆಲೂಗಡ್ಡೆಯ ಎಲೆ, ಕಾಂಡಗಳನ್ನು ಕಪ್ಪಾಗಿಸಿ ಕೊಳೆಸುವ ಅಂಗಮಾರಿ ರೋಗಕ್ಕೆ ತಂಪು ಹವೆಯೂ ಗಂಟೆಗಟ್ಟಲೆ ಒದ್ದೆಯಾಗಿರುವ ಎಲೆಯೂ ಹೇಳಿ ಮಾಡಿಸಿದಂತಿರುತ್ತವೆ. ಗಿಡಗಳ ನಡುವೆ ಧಾರಾಳ ಅಂತರ ಬಿಟ್ಟು, ಟೊಮೆಟೊಗೆ ಕೋಲು ಕೊಟ್ಟು, ನೆಲಕ್ಕೆ ತಾಗುವ ಎಲೆಗಳನ್ನು ಚಿವುಟಿರಿ. ಒದ್ದೆಯಾಗಿರುವ ಬೀನ್ಸ್ ಗಿಡಗಳನ್ನು ಮುಟ್ಟಬೇಡಿ, ರೋಗ ಕೈಯಿಂದಲೇ ಗಿಡದಿಂದ ಗಿಡಕ್ಕೆ ದಾಟುತ್ತದೆ. ಒಣಹುಲ್ಲಿನ ಹೊದಿಕೆಯು ಕೆಸರು ಎಲೆಗೆ ಸಿಡಿಯದಂತೆ ತಡೆಯುತ್ತದಾದರೂ, ತಣ್ಣಗಿನ ಹಸಿ ಮಣ್ಣಿನ ಮೇಲೆ ಹಾಸಿದರೆ ಮಣ್ಣು ಆರುವುದು ತಡವಾಗುತ್ತದೆ, ಬಸವನಹುಳುಗಳಿಗೂ ಮನೆಯಾಗುತ್ತದೆ. ನೆಲ ಬೆಚ್ಚಗಾದ ಬಳಿಕ ಹಾಸಿ. ಆ ಹುಳುಗಳಿಗಾಗಿ ಸಂಜೆ ಮಡಿಯ ಅಂಚಿನಲ್ಲಿ ಹಲಗೆಯೊಂದನ್ನಿಟ್ಟು ಬೆಳಿಗ್ಗೆ ಮಗುಚಿದರೆ, ಅಡಿಯಲ್ಲಿ ಸೇರಿಕೊಂಡವನ್ನು ಸುಲಭವಾಗಿ ಆರಿಸಿ ತೆಗೆಯಬಹುದು.

ಕಳೆ ಕೀಳುವುದಕ್ಕೆ ಮಾತ್ರ ಮಳೆ ನಿಂತ ಮರುದಿನದಷ್ಟು ಒಳ್ಳೆಯ ಸಮಯವಿಲ್ಲ, ಬೇರುಸಹಿತ ಸಲೀಸಾಗಿ ಬರುತ್ತದೆ. ಕಾಲುದಾರಿಯಲ್ಲೇ ನಿಂತು ಕೀಳಿ, ಕಿತ್ತದ್ದನ್ನು ಮಡಿಯಲ್ಲಿ ಬಿಡಬೇಡಿ; ಹಸಿ ಮಣ್ಣಿನಲ್ಲಿ ಅದು ಮತ್ತೆ ಬೇರೂರುತ್ತದೆ.